ಒಂದೇ ದಿನದ ಬಾಳು?

ಪ್ರಶ್ನೆ: ಹುಟ್ಟಿದ ದಿನವೇ ಸಾಯುವ ಕೀಟ ಇದೆಯಂತೆ, ನಿಜವೇ?

ಉತ್ತರ: ಅರ್ಧ ನಿಜ. ಮೇಫ್ಲೈ ಎಂಬ ಕೀಟದ ಬಗ್ಗೆ ನೀವು ಕೇಳಿರಬೇಕು. ರೆಕ್ಕೆ ಬಂದ ಮೇಲಿನ ಆಯಸ್ಸು ಮಾತ್ರ ಅಷ್ಟು ಕಡಿಮೆ. ಅದಕ್ಕೂ ಮುಂಚಿನ ಬದುಕನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂಗೇರಿಯ ಟಿಸಾ ನದಿಯಲ್ಲಿರುವ ‘ಪಾಲಿಂಜೆನಿಯಾ ಲಾಂಗಿಕಾಡಾ’ ಪ್ರಭೇದವನ್ನೇ ನೋಡಿ. ಬಾಲವೂ ಸೇರಿ ಸುಮಾರು 12 ಸೆಂಟಿಮೀಟರ್ ಉದ್ದ. ಯುರೋಪಿನ ಮೇಫ್ಲೈಗಳಲ್ಲಿ ಇದೇ ದೊಡ್ಡದು. ಇದರ ಮರಿ ನೀರಿನಡಿಯ ಜೇಡಿಮಣ್ಣಿನಲ್ಲಿ ಬಿಲ ಕೊರೆದುಕೊಂಡು ಸುಮಾರು 3 ವರ್ಷ ಅಲ್ಲೇ ಬೆಳೆಯುತ್ತದೆ. ಜೂನ್ ತಿಂಗಳ ಮಧ್ಯಭಾಗದಲ್ಲಿ, ಇಳಿಹೊತ್ತಿಗೆ, ಬಲಿತವೆಲ್ಲ ಒಟ್ಟೊಟ್ಟಿಗೆ ಮೇಲೇಳುತ್ತವೆ. ನದಿಗೆ ನದಿಯೇ ರೆಕ್ಕೆಗಳಿಂದ ತುಂಬಿಹೋಗುತ್ತದೆ. ಗಂಡು ದಡಕ್ಕೆ ಹಾರಿ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಮೂಡಿದ ಮೇಲೂ ಪೊರೆ ಬಿಡುವ ಕೀಟಗಳೆಂದರೆ ಇಂದು ಮೇಫ್ಲೈಗಳು ಮಾತ್ರ. ಈ ಪ್ರಭೇದದ ಹೆಣ್ಣಿಗೆ ಅಷ್ಟು ಪುರಸೊತ್ತೂ ಇಲ್ಲ! ಕೂಡಿದ್ದೇ ತಡ, ಪ್ರವಾಹಕ್ಕೆ ಎದುರಾಗಿ ಕಿಲೋಮೀಟರ್‌ಗಟ್ಟಲೆ ಹಾರಿ ನೀರಿನ ಮೇಲೆ ಮೊಟ್ಟೆ ಬಿಡುತ್ತದೆ. ಮೊಟ್ಟೆಗಳು ಕೆಳಕ್ಕೆ ತೇಲಿಹೋಗುತ್ತವಲ್ಲ, ಅದಕ್ಕೇ ಈ ಎದುರುಹಾರಾಟ. ಊಟದ ಮಾತೇ ಇಲ್ಲ; ಬಾಯಿ ಹೆಸರಿಗಷ್ಟೇ. ಕೆಲವೇ ಗಂಟೆಗಳಲ್ಲಿ ಎಲ್ಲವೂ ಸಾಯುತ್ತವೆ.

ಒಂದು ಕಾಲಕ್ಕೆ ರೈನ್ ನದಿಯಲ್ಲೂ ಇವು ಇದ್ದವು. ನೀರು ಕೆಟ್ಟು, ದಂಡೆಗಳ ಸ್ವರೂಪವೇ ಬದಲಾದ ಮೇಲೆ ಅಲ್ಲಿಂದ ಕಾಣೆಯಾದವು.