ಪದಕ್ಕೆ ವಿಷವೇರುವುದು ಎಲ್ಲಿಂದ?

ಜಿರಳೆ ಎಂಬುದು ನಿಘಂಟಿನಲ್ಲಿ ಒಂದು ಕೀಟದ ಹೆಸರು ಮಾತ್ರ. ಆದರೆ 1994ರಲ್ಲಿ ಆಫ್ರಿಕದ ರುವಾಂಡಾ ದೇಶದಲ್ಲಿ ಅದೇ ಅರ್ಥದ 'ಇನ್ಯೆಂಜಿ' ಎಂಬ ಪದವು ಟುಟ್ಸಿ ಜನರ ಪಾಲಿಗೆ ಮರಣಶಾಸನವಾಯಿತು. ಹಾಗಾದರೆ ದ್ವೇಷವಿರುವುದು ಪದದಲ್ಲೋ, ಅದನ್ನು ಕೇಳುವ ಸಮಾಜದಲ್ಲೋ?

ಈ ಪ್ರಶ್ನೆಗೆ ಇತಿಹಾಸದಲ್ಲಿಯೇ ಉತ್ತರವಿದೆ. ಹುಟು, ಟುಟ್ಸಿ ಎಂಬ ಭೇದವನ್ನು 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತವು ಗುರುತಿನ ಚೀಟಿಗಳಲ್ಲಿ ನಮೂದಿಸಿತು. 1959ರ ಗಲಭೆಗಳಲ್ಲಿ ಸಹಸ್ರಾರು ಟುಟ್ಸಿಗಳು ನೆರೆದೇಶಗಳಿಗೆ ಓಡಿದರು. 1960ರ ದಶಕದಲ್ಲಿ ಅಲ್ಲಿಂದ ಆಯುಧ ಹಿಡಿದು ಬಂದವರಿಗೆ ಆ ಕೀಟದ ಹೆಸರು ಅಂಟಿತು. 1990ರಲ್ಲಿ ನಿರಾಶ್ರಿತರ ಸೇನೆಯು ಗಡಿ ದಾಟಿದಾಗ ಹಳೆಯ ಭಯ ಮರುಕಳಿಸಿತು. 1993ರಲ್ಲಿ ಆರಂಭವಾದ ಆರ್‌ಟಿಎಲ್‌ಎಂ ಬಾನುಲಿಯು ಅದೇ ಹೆಸರನ್ನು ಆಯುಧವನ್ನೇ ಕಾಣದ ಸಾಮಾನ್ಯ ಟುಟ್ಸಿಗಳಿಗೂ ಹಚ್ಚಿತು. 'ಕೆಲಸ' ಎಂಬ ಸಾಧುಪದವೂ ಕೊಲೆಯ ಸಂಕೇತವಾಯಿತು. ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರು ಹತರಾದರು.

ಆ ಬಾನುಲಿಯ ಸ್ಥಾಪಕರಲ್ಲೊಬ್ಬನಾದ ಫರ್ಡಿನಾಂಡ್ ನಹಿಮಾನಾ ಇತಿಹಾಸದ ಪ್ರಾಧ್ಯಾಪಕ. 2003ರಲ್ಲಿ ಅರುಷಾದ ಅಂತಾರಾಷ್ಟ್ರೀಯ ನ್ಯಾಯಮಂಡಳಿಯು ಅವನನ್ನು ಅಪರಾಧಿಯೆಂದು ಸಾರಿತು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ನಮ್ಮ ಗಾದೆ ಅಲ್ಲಿ ಸೋತಿತು. ಮಾತು ಬಲ್ಲವರೇ ಜಗಳವನ್ನು ಬಿತ್ತಿದ್ದರು.

ಎಲ್ಲ ಕಟುನುಡಿಯೂ ದ್ವೇಷಭಾಷಣವಲ್ಲ. ಟೀಕೆಯನ್ನೆಲ್ಲ ಅಪರಾಧವೆಂದರೆ ಸತ್ಯದ ಬಾಯಿಗೂ ಬೀಗ ಬೀಳುತ್ತದೆ. ಆದುದರಿಂದಲೇ 2012ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ರಬಾತ್ ಕಾರ್ಯಯೋಜನೆಯು ಆರು ಅಳತೆಗೋಲುಗಳನ್ನು ಕೊಟ್ಟಿತು: ಸಾಮಾಜಿಕ ಹಾಗೂ ರಾಜಕೀಯ ಸಂದರ್ಭ, ಮಾತನಾಡುವವನ ಸ್ಥಾನಮಾನ, ಉದ್ದೇಶ, ಮಾತಿನ ತಿರುಳು ಮತ್ತು ರೂಪ, ಅದರ ವ್ಯಾಪ್ತಿ, ಹಾನಿಯ ಸಂಭವ. ಮೊದಲ ಸ್ಥಾನವು ಸಂದರ್ಭಕ್ಕೆ ಸಂದಿರುವುದು ಉಚಿತವೇ ಆಗಿದೆ. ಒಂದೇ ಮಾತು ಶಾಂತಿಯ ಕಾಲದಲ್ಲಿ ಒರಟುತನ, ಭಯದ ಕಾಲದಲ್ಲಿ ಪ್ರಚೋದನೆ.

ರುವಾಂಡಾ ಕಥೋಲಿಕರು ಹೆಚ್ಚಾಗಿದ್ದ ನಾಡು ಎಂಬುದನ್ನು ನಾವು ಮರೆಯಲಾಗದು. ನ್ಯಾಮಾಟಾ, ನ್ತರಾಮಾ ದೇವಾಲಯಗಳಲ್ಲಿ ಆಶ್ರಯ ಕೋರಿದವರು ಅಲ್ಲಿಯೇ ಹತರಾದರು. ಕೊಂದವರಲ್ಲಿ ಅನೇಕರು ದೀಕ್ಷಾಸ್ನಾನ ಪಡೆದವರು. ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ 2017ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ದೇವರ ಕ್ಷಮೆಯನ್ನು ಬೇಡಿದರು.

ನ್ಯಾಯಾಲಯವು ಮಾತನ್ನು ತೂಗುವುದು ಅನಾಹುತ ಸಮೀಪಿಸಿದಾಗ, ಅನೇಕ ವೇಳೆ ಅದು ಮುಗಿದ ಮೇಲೆ. ಅದಕ್ಕೂ ಮುಂಚೆ ತೂಗಬೇಕಾದವರು ನಾವು. ಒಂದು ಸಮುದಾಯಕ್ಕೆ ಅಡ್ಡಹೆಸರಿಟ್ಟು ನಗುವಾಗ ಅದರ ಹಿಂದೆ ಯಾವ ಗಾಯವಿದೆ, ಯಾವ ಭಯವಿದೆ ಎಂದು ಕೇಳಿಕೊಳ್ಳೋಣ. ನಮ್ಮ ಮಕ್ಕಳು ಆ ಹೆಸರನ್ನು ಕಲಿಯುವುದು ನಮ್ಮ ಬಾಯಿಂದಲೇ.