ಆ ಡಯೋಡ್ ಯಾಕೆ ಬೇಕಿತ್ತು?

ಅಕ್ಕನ ಮಗಳಿಗೆ ಮೂರು ವರ್ಷ. ಆಟಿಕೆ ಮೊಬೈಲ್ ಕೈಗೆ ಸಿಕ್ಕರೆ ಓಡಿಹೋಗಿ ಕಿಟಕಿ ಪಕ್ಕ ನಿಂತು ‘ಹಲೋ’ ಎನ್ನುತ್ತಾಳೆ. ಊರಿನ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅಜ್ಜ ಯಾವಾಗಲೂ ಅಲ್ಲೇ ನಿಂತು ಮಾತನಾಡುತ್ತಾರೆ. ಅವಳು ಅಜ್ಜನನ್ನು ನೋಡಿ ಕಲಿತಿದ್ದಾಳೆ, ಕಿಟಕಿಯ ಸಮೇತ!

ಮಕ್ಕಳೆಲ್ಲ ಹೀಗೆಯೇ. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬ ವಿಜ್ಞಾನಿಗಳು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪೆಟ್ಟಿಗೆಯೊಳಗಿನ ಬಹುಮಾನ ತೆಗೆಯುವುದು ಹೇಗೆಂದು ಉಗಾಂಡದ ಅಭಯಧಾಮವೊಂದರ ಚಿಂಪಾಂಜಿಗಳಿಗೂ, ಮೂರು–ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿಕೊಟ್ಟರು. ನಡುವೆ ಬೇಕೆಂದೇ ಮೇಲಿನ ತೂತಿಗೆ ಕೋಲು ಚುಚ್ಚುವಂಥ ಉಪಯೋಗವಿಲ್ಲದ ಕೆಲಸಗಳನ್ನೂ ಸೇರಿಸಿದರು. ಒಳಗೆ ಕಾಣದ ಪೆಟ್ಟಿಗೆಯಾದಾಗ ಚಿಂಪಾಂಜಿಗಳು ಎಲ್ಲವನ್ನೂ ಅನುಕರಿಸಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಬೇಡದ್ದನ್ನು ಬಿಟ್ಟವು. ಮಕ್ಕಳು ಮಾತ್ರ ಆಗಲೂ ಕೋಲು ಚುಚ್ಚಿಯೇ ಬಹುಮಾನ ತೆಗೆದರು.

ಇದನ್ನು ಓದಿದಾಗ ನಾವು ನಾಲ್ವರು ಮಿನಿ ಪ್ರಾಜೆಕ್ಟ್ ಮಾಡುತ್ತಿದ್ದೆವು. ಮಣ್ಣು ಒಣಗಿದರೆ ತಾನಾಗಿ ನೀರು ಹಾಯಿಸುವ ಪಂಪ್ ಸರ್ಕ್ಯೂಟ್. ಸೀನಿಯರ್ ರೆಕಾರ್ಡ್ ನೋಡಿ ಇಳಿಸಿಕೊಂಡದ್ದು. ಅದರಲ್ಲಿ ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್, ಅದೂ ಉಲ್ಟಾ! ಯಾಕೆಂದು ಸೀನಿಯರ್‌ನ ಕೇಳಿದೆ. ‘ನಮ್ ಸೀನಿಯರ್ಸ್ ಹಾಕಿದ್ರು, ನಾವೂ ಹಾಕಿದ್ವಿ ಕಣೋ’ ಎಂದ. ಚಿಂಪಾಂಜಿಯಷ್ಟಾದರೂ ಬುದ್ಧಿ ಬೇಡವೇ ಎಂದುಕೊಂಡು ಅದನ್ನು ಕಿತ್ತುಹಾಕಿದೆ. ಪಂಪ್ ಓಡಿತು. ಗೆಳೆಯರ ಮುಂದೆ ಬೀಗಿದೆ.

ಡೆಮೊ ದಿನ ಬೆಳಿಗ್ಗೆಯಿಂದ ನಾಲ್ಕೈದು ಸಲ ಆನ್–ಆಫ್ ಮಾಡಿ ನೋಡಿದ್ದೆವು. ಸರ್ ಬಂದು ನಿಂತಾಗ ರಿಲೇ ಮಿಸುಕಲಿಲ್ಲ. ಟ್ರಾನ್ಸಿಸ್ಟರ್ ಸುಟ್ಟುಹೋಗಿತ್ತು. ನಾಲ್ವರ ಅಂಕಗಳೂ ಹೋದವು. ಒಬ್ಬ ಗೆಳೆಯನಿಗೆ ಪ್ಲೇಸ್‌ಮೆಂಟ್‌ಗೆ ಬೇಕಾದ ಸಿಜಿಪಿಎ ಕೂದಲೆಳೆಯಲ್ಲಿ ತಪ್ಪಿತು. ಅವನು ನನಗೇನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅಂದು ರಾತ್ರಿ ಪುಸ್ತಕ ತೆರೆದೆ. ಕಾಯಿಲ್‌ನ ಕರೆಂಟ್ ಥಟ್ಟನೆ ನಿಂತಾಗ ಉಲ್ಟಾ ವೋಲ್ಟೇಜ್ ಚಿಮ್ಮುತ್ತದೆ. ಆ ಕ್ಷಣದಲ್ಲಿ ಕರೆಂಟ್ ಹರಿದುಹೋಗಲು ದಾರಿ ಕೊಡುವುದೇ ಆ ಡಯೋಡ್. ದಾರಿ ಇಲ್ಲದಿದ್ದರೆ ಏಟು ಟ್ರಾನ್ಸಿಸ್ಟರ್‌ಗೆ.

ಚಿಂಪಾಂಜಿಗಳು ಬೇಡದ್ದನ್ನು ಬಿಟ್ಟಿದ್ದು ಪೆಟ್ಟಿಗೆಯ ಒಳಗೆ ಕಂಡ ಮೇಲೆ. ನನಗೆ ಒಳಗೆ ಏನೂ ಕಂಡಿರಲಿಲ್ಲ. ಸೀನಿಯರ್ ನೋಡದೆ ಹಾಕಿದ್ದ, ನಾನು ನೋಡದೆ ತೆಗೆದಿದ್ದೆ. ಅವನ ಅನುಕರಣೆಯಾದರೂ ಸರ್ಕ್ಯೂಟನ್ನು ಉಳಿಸಿತ್ತು. ಅರ್ಥವಾಗುವವರೆಗೆ ಹಿರಿಯರಂತೆ ಮಾಡುವುದರಲ್ಲಿ ಅವಮಾನವೇನಿಲ್ಲ. ಆದರೆ ‘ಯಾಕೆ’ ಎಂಬ ಪ್ರಶ್ನೆಯನ್ನು ಅರ್ಧಕ್ಕೆ ಬಿಡಬಾರದು.

ಈ ವರ್ಷ ಜೂನಿಯರ್‌ಗಳು ನನ್ನ ರೆಕಾರ್ಡ್ ಕೇಳಿಕೊಂಡು ಬಂದರು. ಕೊಡುವ ಮೊದಲು ಡಯೋಡ್ ಪಕ್ಕ ಅದು ಯಾಕಿದೆ ಎಂದು ಎರಡು ಸಾಲು ಬರೆದೆ. ಹೇಗೂ ಇಳಿಸಿಕೊಳ್ಳುತ್ತಾರೆ, ಕಾರಣವನ್ನೂ ಸೇರಿಸಿ ಇಳಿಸಿಕೊಳ್ಳಲಿ.