ಮ್ಯಾನಿಫೋಲ್ಡ್ ಬದಲಿಸುವ ಮುನ್ನ ಮಲಾಡಿನ ರಸ್ತೆ ನೋಡಿ

ಟರ್ಬೊ ಒತ್ತಿ ಕಳಿಸಿದ ಗಾಳಿಯನ್ನು ಪ್ರತಿ ಸಿಲಿಂಡರಿಗೂ ಹಂಚುವುದು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಲಸ. ಕಂಪನಿ ಕೊಟ್ಟ ಪ್ಲಾಸ್ಟಿಕ್ಕಿನದನ್ನು ತೆಗೆದು ಹೊಳೆಯುವ ಅಲ್ಯೂಮಿನಿಯಂನದು ಕೂರಿಸಬೇಕೆಂಬ ಆಸೆ ಮುಂಬಯಿಯ ಕಾರುಪ್ರಿಯರಲ್ಲಿ ಹಲವರಿಗಿದೆ. ಲೋಣಾವಳದ ಆಚೆ ಆಂಬಿ ವ್ಯಾಲಿ ರನ್‌ವೇಯಲ್ಲಿ ಡ್ರ್ಯಾಗ್ ರೇಸಿಗೆ ಇಳಿಯುವವರಿಗೆ ಅದರಿಂದ ಲಾಭವಿರಬಹುದು. ದಿನಾ ಮಲಾಡಿನ ಲಿಂಕ್ ರೋಡಿನಲ್ಲಿ ಓಡಾಡುವವರಿಗೆ ಅದು ಬೇಡವೆಂದೇ ನಾನು ಹೇಳುತ್ತೇನೆ.

ಕಾರಣ ಮ್ಯಾನಿಫೋಲ್ಡ್‌ನ ಕೊಳವೆಗಳ ಉದ್ದದಲ್ಲಿದೆ. ಕೊಳವೆ ಉದ್ದವಿದ್ದರೆ ಕಡಿಮೆ ಆರ್‌ಪಿಎಂನಲ್ಲೇ ಎಂಜಿನ್ ಚೆನ್ನಾಗಿ ಎಳೆಯುತ್ತದೆ. ರೇಸ್ ಮ್ಯಾನಿಫೋಲ್ಡ್‌ನ ಗಿಡ್ಡ ಕೊಳವೆಗಳ ಬಲ ಗೊತ್ತಾಗುವುದು ಆರ್‌ಪಿಎಂ ಮೇಲಕ್ಕೇರಿದಾಗ. ಮೆಟ್ರೊ ಕಂಬಗಳ ಪಕ್ಕ ಸೆಕೆಂಡ್ ಗೇರಿನಲ್ಲಿ ತೆವಳುವ ಕಾರು ಅಲ್ಲಿಗೆ ಮುಟ್ಟುವುದೇ ಇಲ್ಲ. ಇದ್ದ ಪಿಕಪ್ಪೂ ಕಡಿಮೆಯಾಗುತ್ತದೆ. ಮೇಲಾಗಿ ಬಿಸಿಯಾದ ಅಲ್ಯೂಮಿನಿಯಂ ಒಳಗಿನ ಗಾಳಿಯನ್ನೂ ಕಾಯಿಸುತ್ತದೆ. 2020ರಲ್ಲಿ ಪೋಲೊ ಕಾರಿಗೆ ಬಂದ 1.0 ಟಿಎಸ್‌ಐ ಎಂಜಿನ್ನಿನಲ್ಲಂತೂ ಇಂಟರ್‌ಕೂಲರ್ ಮ್ಯಾನಿಫೋಲ್ಡ್‌ನೊಳಗೇ ಇದೆ. ಅದನ್ನು ಬದಲಿಸಲು ಹೊರಟರೆ ಗಾಳಿ ತಣಿಸುವ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು.

ರೇಸಿಗೆಂದೇ ಹಾಕಿಸುವವರು ಮೊದಲು ಹೊಸ ಮ್ಯಾನಿಫೋಲ್ಡ್‌ನ ಫ್ಲ್ಯಾಂಜ್ ಮೇಲೆ ಸ್ಟೀಲ್ ಪಟ್ಟಿಯಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ವೆಲ್ಡಿಂಗ್ ಶಾಖಕ್ಕೆ ಬಾಗಿದ್ದರೆ ಪಟ್ಟಿಯ ಕೆಳಗೆ ಬೆಳಕು ಇಣುಕುತ್ತದೆ. ಹಳೆಯದನ್ನು ಬಿಚ್ಚಿದ ಕೂಡಲೇ ಪೋರ್ಟ್‌ಗಳಿಗೆ ಶುಭ್ರ ಬಟ್ಟೆ ತುರುಕಬೇಕು. ಒಳಬಿದ್ದ ಒಂದು ವಾಷರ್ ಎಂಜಿನ್ನನ್ನೇ ಕೆಡಿಸೀತು. ಸಿಲಿಂಡರಿನೊಳಕ್ಕೆ ನೇರ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನಾದರೆ, ಇನ್‌ಟೇಕ್ ವಾಲ್ವ್‌ಗಳ ಮೇಲೆ ಕಟ್ಟಿದ ಕಾರ್ಬನ್ ತೆಗೆಸಲು ಇದೇ ಹೊತ್ತು. ಗ್ಯಾಸ್ಕೆಟ್ ಹೊಸದೇ ಇರಲಿ. ಬೋಲ್ಟ್‌ಗಳನ್ನು ನಡುವಿನಿಂದ ಅಂಚಿನತ್ತ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಮ್ಯಾನಿಫೋಲ್ಡ್‌ನಿಂದ ಬ್ರೇಕ್ ಬೂಸ್ಟರಿಗೆ ಪೈಪ್ ಹೋಗಿದ್ದರೆ ಅದರ ಚೆಕ್ ವಾಲ್ವನ್ನು ಮರೆಯಲೇಬಾರದು. ಅದಿಲ್ಲದಿದ್ದರೆ ಟರ್ಬೊದ ಒತ್ತಡ ಬೂಸ್ಟರಿಗೆ ನುಗ್ಗಿ, ಬೇಕಾದ ಹೊತ್ತಿಗೇ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.

ಆಮೇಲೆ ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ಟ್ಯೂನಿಂಗ್ ಆಗಬೇಕು. ಯಾವುದೋ ಒಂದು ಸಿಲಿಂಡರಿಗೆ ಗಾಳಿ ಹೆಚ್ಚು ಹೋಗಿ ಪೆಟ್ರೋಲ್ ಸಾಲದಾದರೆ ನಾಕಿಂಗ್ ಶುರುವಾಗಿ ಪಿಸ್ಟನ್ನಿಗೇ ಹೊಡೆತ.

ಕಾನೂನಿನ ಭಯವೂ ಇರಬೇಕು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಪಿಕಪ್ ಸಾಲದೆಂದು ಗ್ಯಾರೇಜಿಗೆ ಹೋಗುವವರು ಮೊದಲು ಹೊಗೆ ಹಾಯಿಸಿ ಸೋರಿಕೆ ಪರೀಕ್ಷೆ ಮಾಡಿಸಲಿ. ಬಿರುಕುಬಿಟ್ಟ ಹೋಸ್ ಅಥವಾ ಸಡಿಲ ಕ್ಲ್ಯಾಂಪ್ ಸಿಕ್ಕರೆ, ಕಂಪನಿಯ ಮ್ಯಾನಿಫೋಲ್ಡ್‌ ಮುಟ್ಟದೆಯೇ ಕೆಲಸ ಮುಗಿಯುತ್ತದೆ.